ಆಮೇಲೆ ಆ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತೆ?

ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವವಳು. ಏನು ಸಂಶೋಧನೆ ಅಂತ ಯಾರಾದರೂ ಕೇಳಿದಾಗ, ಮೈಯೊಳಗೆ ತಾನಾಗಿ ಇಲ್ಲವಾಗುವ ಪ್ಲಾಸ್ಟಿಕ್‌ನಲ್ಲಿ ಔಷಧಿ ತುಂಬೋದು ಅಂದುಬಿಟ್ಟರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲೂ ಬಿಡುವುದಿಲ್ಲ: "ಅಲ್ಲಮ್ಮ, ಆಮೇಲೆ ಆ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತೆ?" ಹೋದ ತಿಂಗಳು ದೊಡ್ಡಪ್ಪನೂ ಅದನ್ನೇ ಕೇಳಿದರು. ಅವರದು ಬರೀ ಕುತೂಹಲ ಅಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ತಿಂಗಳಿಗೊಂದು ಲ್ಯೂಪ್ರೊಲೈಡ್ ಇಂಜೆಕ್ಷನ್ ತಗೊಳ್ಳುತ್ತಿದ್ದಾರೆ.

ಪ್ಲಾಸ್ಟಿಕ್ ಅಂದರೆ ನಮಗೆ ಚರಂಡಿಯಲ್ಲಿ ಸಿಕ್ಕಿಕೊಂಡ ಕವರ್ರೇ ಕಣ್ಣಿಗೆ ಬರುವುದು. ಇದು ಬೇರೆ ಜಾತಿ. ಪಿಎಲ್‌ಜಿಎ ಅಂತ ಹೆಸರು. ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲ ಎರಡನ್ನೂ ಮಣಿಸರದ ಹಾಗೆ ಪೋಣಿಸಿದ ಪಾಲಿಮರ್. ಜನ ಇದನ್ನು "ಕರಗುತ್ತೆ" ಅನ್ನುತ್ತಾರೆ, ನಾನೂ ಅನ್ನುತ್ತೇನೆ, ಆದರೆ ಆ ಮಾತು ಸರಿಯಲ್ಲ. ಸಕ್ಕರೆ ಕರಗಿದ ನೀರಿನಲ್ಲಿ ಸಕ್ಕರೆ ಸಕ್ಕರೆಯಾಗಿಯೇ ಇರುತ್ತೆ. ಇಲ್ಲಿ ಮಣಿಗಳ ನಡುವಿನ ಎಸ್ಟರ್ ಕೊಂಡಿಗಳನ್ನು ಮೈಯ ನೀರು ಒಂದೊಂದಾಗಿ ಕಡಿಯುತ್ತೆ. ಸರ ಹೋಗಿ ಮಣಿ ಉಳಿಯುತ್ತೆ. ಲ್ಯಾಕ್ಟಿಕ್ ಆಮ್ಲ ಅಂದರೆ ಮೊಸರಿನ ಹುಳಿ, ಓಡಿದಾಗ ನಮ್ಮ ಸ್ನಾಯುಗಳಲ್ಲೂ ಹುಟ್ಟುವಂಥದು. ದೇಹ ಅದನ್ನು ಉರಿಸಿ ನೀರು, ಇಂಗಾಲದ ಡೈಆಕ್ಸೈಡ್ ಮಾಡಿ ಹೊರಗೆ ಹಾಕುತ್ತೆ. ಗ್ಲೈಕೋಲಿಕ್ ಆಮ್ಲ ಸ್ವಲ್ಪ ಮೂತ್ರದಲ್ಲೂ ಹೋಗುತ್ತೆ. ಇದೇ ಕುಟುಂಬದ ದಾರಗಳನ್ನು 1970ರ ದಶಕದಿಂದಲೂ ಸರ್ಜನ್‌ಗಳು ಬಳಸುತ್ತಿದ್ದಾರೆ. ಆಪರೇಷನ್ ಆದವರಿಗೆ "ಒಳಗಿನ ಹೊಲಿಗೆ ಬಿಚ್ಚೋದು ಬೇಡ" ಅನ್ನುವುದು ಇಂಥ ದಾರದ ಭರವಸೆಯ ಮೇಲೆ.

ಇನ್ನು ದೊಡ್ಡಪ್ಪನ ಇಂಜೆಕ್ಷನ್. ಲ್ಯೂಪ್ರೊಲೈಡ್ ಪುಟ್ಟ ಪ್ರೋಟೀನು ತುಣುಕು, ಮಾತ್ರೆಯಾಗಿ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತೆ. 1985ರಲ್ಲಿ ಅಮೆರಿಕದಲ್ಲಿ ಬಂದಾಗ ದಿನಾ ಚುಚ್ಚಿಸಿಕೊಳ್ಳಬೇಕಿತ್ತು. 1989ರಲ್ಲಿ ಔಷಧಿಯನ್ನು ಪಿಎಲ್‌ಜಿಎ ಗೋಲಿಗಳಲ್ಲಿ ತುಂಬಿದ, ತಿಂಗಳಿಗೊಮ್ಮೆಯದು ಬಂತು. ಅದರ ಲೇಬಲ್ ಓದಿದರೆ ತಮಾಷೆ ಅನ್ನಿಸುತ್ತೆ: ಔಷಧಿ 7.5 ಮಿಲಿಗ್ರಾಂ, ಪಾಲಿಮರ್ 66.2 ಮಿಲಿಗ್ರಾಂ. ಸರಕಿಗಿಂತ ಗಾಡಿಯೇ ಸುಮಾರು ಒಂಬತ್ತು ಪಟ್ಟು ಭಾರ! ಕೂದಲಿಗಿಂತ ಸಣ್ಣ ಗೋಲಿಗಳು, ದ್ರವದಲ್ಲಿ ಕಲಕಿದಾಗ ತೆಳು ಹಾಲಿನ ಹಾಗೆ ಕಾಣುತ್ತೆ.

ಗಾಡಿ ಇಷ್ಟು ನಿಧಾನಕ್ಕೆ ಹೋಗಬೇಕಾದ್ದು ಬರೀ ಸೂಜಿ ತಪ್ಪಿಸುವುದಕ್ಕಲ್ಲ. ಈ ಔಷಧಿ ಮಿದುಳು ಕಳಿಸುವ ಒಂದು ಹಾರ್ಮೋನಿನ ನಕಲು. ಅಸಲು ಹಾರ್ಮೋನು ಒಂದೆರಡು ಗಂಟೆಗೊಮ್ಮೆ ಬಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಬಾಗಿಲು ತಟ್ಟಿ ಹೋಗುತ್ತೆ, ಬಾಗಿಲು ತೆರೆಯುತ್ತೆ, ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ನೆರವಾಗುವ ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ತಯಾರಾಗುತ್ತೆ. ಹಗಲೂ ರಾತ್ರಿ ಬಿಡದೆ ತಟ್ಟುತ್ತಲೇ ಇದ್ದರೆ? ಮೊದಲ ವಾರ ಟೆಸ್ಟೋಸ್ಟಿರಾನ್ ಏರುತ್ತೆ (ಅದಕ್ಕೇ ಆರಂಭದಲ್ಲಿ ಡಾಕ್ಟರು ಜೊತೆಗೆ ಬೇರೆ ಮಾತ್ರೆ ಕೊಡುವುದುಂಟು), ಆಮೇಲೆ ಪಿಟ್ಯುಟರಿ ಓಗೊಡುವುದನ್ನೇ ನಿಲ್ಲಿಸುತ್ತೆ. ತಟ್ಟುವ ಲಯ ಬದಲಾದರೆ ಫಲವೂ ತಲೆಕೆಳಗು. ಇಲ್ಲಿ ಪಾಲಿಮರ್ ಬರೀ ಡಬ್ಬಿಯಲ್ಲ, ಚಿಕಿತ್ಸೆಯ ಅರ್ಧ ಅದೇ.

ಹೇಳಿದಷ್ಟು ಸಲೀಸಲ್ಲ. ಗೋಲಿಯ ಮೈಗೆ ಅಂಟಿಕೊಂಡ ಔಷಧಿ ಮೊದಲ ದಿನವೇ ಒಟ್ಟಿಗೆ ಹೊರಬೀಳುತ್ತೆ. ನನ್ನ ವಿದ್ಯಾರ್ಥಿಗಳ ಅರ್ಧ ಆಯಸ್ಸು ಅದನ್ನು ತಡೆಯುವುದರಲ್ಲೇ ಕಳೆಯುತ್ತೆ. ಇನ್ನೊಂದು ತಂಟೆ ನಾನೇ ಕಂಡದ್ದು. ಒಂದು ದಸರಾ ರಜೆಯಲ್ಲಿ, 37 ಡಿಗ್ರಿ ಶೇಕರ್‌ನಲ್ಲಿಟ್ಟ ಗೋಲಿಗಳ ಬಾಟಲಿಯ ಬಫರ್ (ಹುಳಿ ಏರದಂತೆ ತಡೆಯುವ ದ್ರಾವಣ) ಬದಲಾಯಿಸುವುದನ್ನು ಮರೆತು ಊರಿಗೆ ಹೋಗಿದ್ದೆ. ಬಂದು ಪಿಎಚ್ ನೋಡಿದರೆ 7.4 ಇರಬೇಕಾದ ನೀರು ಹುಳಿ ಹಿಡಿದಿತ್ತು. ಆ ಗೋಲಿಗಳನ್ನು ಸೀಳಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ: ಹೊರಗೆ ನುಣ್ಣಗೆ, ಒಳಗೆ ಗೆದ್ದಲು ತಿಂದ ತೊಲೆ. ಒಳಗೆ ಹುಟ್ಟಿದ ಆಮ್ಲ ಆಚೆ ಬರಲಾಗದೆ ಅಲ್ಲಲ್ಲೇ ಕೊಂಡಿಗಳನ್ನು ಇನ್ನೂ ಬೇಗ ಕಡಿದಿತ್ತು. ಒಳಗಿರುವುದು ಸೂಕ್ಷ್ಮ ಪ್ರೋಟೀನಾದರೆ ಆ ಹುಳಿಯಲ್ಲೇ ಕೆಡುತ್ತೆ.

ಸೋಪಿನ ಹಾಗೆ ಹೊರಗಿನಿಂದಲೇ ಸವೆಯುವ ಪಾಲಿಮರುಗಳೂ ಇವೆ, ಪಾಲಿಅನ್‌ಹೈಡ್ರೈಡ್ ಅಂತ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗ್ಲಿಯಾಡೆಲ್ ಬಿಲ್ಲೆ ಅದರದ್ದೇ. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿ ಎಂಟರವರೆಗೂ ಬಿಲ್ಲೆ ಇಟ್ಟು ಮುಚ್ಚುತ್ತಾರೆ.

ಎಲ್ಲ ಕೇಳಿಸಿಕೊಂಡ ದೊಡ್ಡಪ್ಪ, ನನಗೆ ಬೇರೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಸರಿ ಕಣಮ್ಮ, ಚುಚ್ಚಿಸ್ಕೊಂಡ ಮೇಲೆ ಒಗ್ಗಲಿಲ್ಲ ಅಂದ್ರೆ ವಾಪಸ್ ತೆಗೀಬಹುದಾ?"

"ಆಗಲ್ಲ ದೊಡ್ಡಪ್ಪ. ಕಡ್ಡಿ ಥರ ಇರೋದನ್ನಾದ್ರೆ ಹುಡುಕಿ ತೆಗೀಬಹುದು. ಗೋಲಿಗಳನ್ನ ಆಗಲ್ಲ, ಅವು ಮುಗಿಯೋವರೆಗೂ ಕಾಯಬೇಕು."

"ಹಾಗಾದ್ರೆ ಮುಂದಿನ ಸಲ ಡಾಕ್ಟ್ರು ಸೂಜಿ ಎತ್ತೋ ಮುಂಚೇನೇ ಎಲ್ಲಾ ಕೇಳ್ಕೋತೀನಿ" ಅಂದು, ಕ್ಯಾಲೆಂಡರಿನಲ್ಲಿ ತಾರೀಕು ಗುರುತು ಹಾಕಿಕೊಂಡರು.