‘ಇದನ್ನ ಪೂರ್ತಿ ಮಾಡೇ ಇಲ್ವಲ್ಲ?’

ನಮ್ಮ ಹಾಲ್‌ನ ಗೋಡೆಯಲ್ಲಿ ಒಂದು ಪ್ರಿಂಟ್ ಇದೆ. ಮನೆಗೆ ಬಂದವರು ಅದರ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿ ಕೇಳುವುದು ಇದೇ ಪ್ರಶ್ನೆ.

ಪೂರ್ತಿ ಆಗಿದೆ. ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆ 1868ರಲ್ಲಿ ಫ್ರಾನ್ಸಿನ ಬೆನ್‌ಕೂರ್ ಎಂಬ ಹಳ್ಳಿಯ ಹತ್ತಿರ, ಸೇನ್ ನದಿ ದಡದಲ್ಲಿ ಮಾಡಿದ ಚಿತ್ರ ಇದು. ಮರದ ಕೆಳಗೆ ಒಬ್ಬಳು ಕೂತಿದ್ದಾಳೆ, ದಡದಲ್ಲಿ ದೋಣಿ, ಆಚೆ ದಡದಲ್ಲಿ ಮನೆಗಳು. ಕೂತವಳು ಕಮೀಲ್, ಮುಂದೆ 1870ರಲ್ಲಿ ಮೊನೆಯನ್ನು ಮದುವೆಯಾದವಳು. ಅವಳ ಕಣ್ಣು, ಮೂಗು ಸರಿಯಾಗಿ ಬಿಡಿಸಿಲ್ಲ, ಅದು ನಿಜ. ಆದರೆ ಅವನ ಗಮನ ಇದ್ದದ್ದು ಮುಖದ ಮೇಲಲ್ಲ, ನೀರಿನ ಮೇಲೆ.

ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ. ಆಚೆ ದಡದ ಮನೆಗೆ ಈಚೆಯ ಮರದ ಎಲೆಗಳು ಅಡ್ಡ ಬಂದಿವೆ, ಮೇಲಿನ ಭಾಗ ಕಾಣುವುದೇ ಇಲ್ಲ. ಈಗ ಕಣ್ಣು ಕೆಳಗೆ ಇಳಿಸಿ. ಎಲೆ ಮುಚ್ಚಿಟ್ಟದ್ದು ನೀರಿನಲ್ಲಿ ತಲೆಕೆಳಗಾಗಿ ಬಿದ್ದಿದೆ! ನನಗಂತೂ ಇಡೀ ಚಿತ್ರದಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇನ್ನೊಂದಿಲ್ಲ. ಹತ್ತಿರ ಹೋದರೆ ಅದೇ ಮನೆ ಬರೀ ಅಗಲವಾದ ಬಣ್ಣದ ಪಟ್ಟೆಗಳು. ಬಯಲಲ್ಲಿ ಕೂತು ಚಿತ್ರ ಮಾಡುವವನಿಗೆ ಬಿಸಿಲು ಕಾಯುವುದಿಲ್ಲ, ಗಾಳಿ ಬಂದರೆ ನೀರಿನ ಮನೆ ಒಡೆದೇ ಹೋಗುತ್ತದೆ, ಹಾಗಾಗಿ ಕುಂಚ ಬೇಗ ಓಡಬೇಕು. ಹೀಗೆ ಹೊರಗೆ ಕೂರುವುದು ಸುಲಭವಾದದ್ದೂ 1841ರಲ್ಲಿ ಬಣ್ಣ ತುಂಬಿದ ತವರದ ಟ್ಯೂಬ್ ಬಂದ ಮೇಲೆ. ಅದಕ್ಕೂ ಮುಂಚೆ ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು.

ಇನ್ನು, ಈ ಪ್ರಶ್ನೆ ಕೇಳುವವರಲ್ಲಿ ನೀವೇ ಮೊದಲಿಗರಲ್ಲ ಬಿಡಿ. 1874ರಲ್ಲಿ ಮೊನೆ ಮತ್ತು ಅವನ ಚಿತ್ರಕಾರ ಗೆಳೆಯರೆಲ್ಲ ಸೇರಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಇಟ್ಟಾಗ, ಲೂಯಿ ಲೆರ್ವಾ ಎಂಬ ವಿಮರ್ಶಕ ಮೊನೆಯ ಇನ್ನೊಂದು ಚಿತ್ರ ನೋಡಿ, ಇದಕ್ಕಿಂತ ಅರೆಬರೆ ವಾಲ್‌ಪೇಪರ್ ವಾಸಿ ಎಂಬರ್ಥದಲ್ಲಿ ಗೇಲಿ ಮಾಡಿದ್ದ. ಈ ಗುಂಪಿಗೆ ಇಂಪ್ರೆಷನಿಸ್ಟ್ ಅನ್ನುವ ಹೆಸರು ಅಂಟಿಕೊಂಡಿದ್ದೇ ಆ ಬರಹದಿಂದ.

‘ಎಷ್ಟು ನೆಮ್ಮದಿ ಅಲ್ವಾ ಇದನ್ನ ನೋಡಿದ್ರೆ’ ಅಂತಲೂ ಹೇಳುತ್ತಾರೆ. ಹೌದು. ಆದರೆ ಅದೇ ಬೇಸಿಗೆಯಲ್ಲಿ ಮೊನೆಯ ಕೈಯಲ್ಲಿ ದುಡ್ಡಿರಲಿಲ್ಲ, ಉಳಿದುಕೊಂಡಿದ್ದ ಹಳ್ಳಿಯ ಹೋಟೆಲಿನಿಂದ ಹೊರಗೆ ಹಾಕಿದ್ದರು. ಕಮೀಲ್ ಜೊತೆ ಇನ್ನೂ ವರ್ಷ ತುಂಬದ ಮಗು ಬೇರೆ. ಚಿತ್ರದಲ್ಲಿ ಆ ಕಷ್ಟದ ಸುಳಿವೇ ಇಲ್ಲ.

ಒರಿಜಿನಲ್ ಇರುವುದು ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ, ಸುಮಾರು ಒಂದು ಮೀಟರ್ ಅಗಲ. ಅವರ ವೆಬ್‌ಸೈಟಿನಲ್ಲಿ ದೊಡ್ಡ ಫೈಲೇ ಪುಕ್ಕಟೆ ಸಿಗುತ್ತದೆ, ಪ್ರಿಂಟ್ ಹಾಕಿಸಿಕೊಳ್ಳಬಹುದು. ಬಣ್ಣದ ದಪ್ಪ ಮಾತ್ರ ಕಾಗದದಲ್ಲಿ ಬರುವುದಿಲ್ಲ, ಎಲ್ಲ ಒಂದೇ ಮಟ್ಟ. ಹಾಕಿಸುವುದಾದರೆ ಮ್ಯಾಟ್ ಪೇಪರ್ ತಗೊಳ್ಳಿ, ಕಿಟಕಿಯ ಎದುರಿನ ಗೋಡೆಗೆ ಗಾಜಿನ ಫ್ರೇಮ್ ಬೇಡ. ಇಲ್ಲದಿದ್ದರೆ ಸೇನ್ ನದಿಯಲ್ಲಿ ನಿಮ್ಮ ಟ್ಯೂಬ್‌ಲೈಟೇ ಕಾಣುತ್ತದೆ.