ಶಿಲುಬೆಯ ಬಳಿ ನಿಂತ ತಾಯಿಯನ್ನು ಹಾಡಿದ ದಿನ

ಇಂಗ್ಲೆಂಡಿನ ಗಾಯನ ಸಂಘಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹಾಡಲು ಬಯಸುವ ಯಾರು ಬೇಕಾದರೂ ಬೆಳಿಗ್ಗೆ ಬಂದು ಸೇರಬಹುದು. ದಿನವಿಡೀ ಒಂದೇ ಕೃತಿಯನ್ನು ಅಭ್ಯಾಸ ಮಾಡಿ, ಸಂಜೆ ಊರವರ ಮುಂದೆ ಅದನ್ನು ಹಾಡಿ ಮನೆಗೆ ಹೋಗಬಹುದು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಶನಿವಾರ ವುಸ್ಟರ್ ನಗರದ ಚರ್ಚೊಂದರಲ್ಲಿ ಚೆಕ್ ಸಂಗೀತಕಾರ ಆಂತೊನಿನ್ ದ್ವೊರ್ಜಾಕ್ ಅವರ ‘ಸ್ತಾಬಾತ್ ಮಾತೆರ್’ (ತಾಯಿ ನಿಂತಿದ್ದಳು) ಕೃತಿಯನ್ನು ಹೀಗೆ ಹಾಡಲಿದ್ದಾರೆಂದು ತಿಳಿದಾಗ, ನಾನೂ ಬಾಸ್ ಎಂಬ ತಗ್ಗಿನ ಗಂಡುದನಿಯವರ ಸಾಲಿನಲ್ಲಿ ಹೆಸರು ಬರೆಸಿದೆ.

ಶಿಲುಬೆಯ ಬುಡದಲ್ಲಿ ನಿಂತು ಮಗನ ಸಾವನ್ನು ಕಣ್ಣಾರೆ ಕಾಣುತ್ತಿರುವ ಮಾತೆ ಮರಿಯಳನ್ನು ಕುರಿತ ಈ ಲ್ಯಾಟಿನ್ ಗೀತೆ ಮಧ್ಯಯುಗದ್ದು. ಇದನ್ನು ಬರೆದವರು 13ನೇ ಶತಮಾನದ ಫ್ರಾನ್ಸಿಸ್ಕನ್ ಸಂನ್ಯಾಸಿ ಯಾಕೊಪೊನೆ ದ ತೋದಿ ಎಂಬ ನಂಬಿಕೆ ಬಹುಕಾಲದಿಂದ ಬಂದಿದೆ. ಮೂರನೇ ಇನ್ನೊಸೆಂಟ್ ಪೋಪ್ ಅವರ ಹೆಸರನ್ನು ಹೇಳುವವರೂ ಇದ್ದಾರೆ. ಮೂರು ಮೂರು ಸಾಲಿನ 20 ಪದ್ಯಗಳು ಇದರಲ್ಲಿವೆ. ತ್ರಿಪದಿಯಲ್ಲಿ ಪಳಗಿದ ಕನ್ನಡದ ಕಿವಿಗೆ ಈ ಅಳತೆ ಎಷ್ಟು ಹಿತವೆಂಬುದನ್ನು ಹಾಡಿಯೇ ತಿಳಿಯಬೇಕು. 16ನೇ ಶತಮಾನದಲ್ಲಿ ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ ತಂದ ಸುಧಾರಣೆಯಿಂದಾಗಿ ಚರ್ಚಿನ ಬಲಿಪೂಜೆಯಿಂದ ಹೊರಗುಳಿದಿದ್ದ ಈ ಗೀತೆಯನ್ನು 1727ರಲ್ಲಿ ಹದಿಮೂರನೇ ಬೆನೆಡಿಕ್ಟ್ ಪೋಪ್ ವ್ಯಾಕುಲ ಮಾತೆಯ ಹಬ್ಬಕ್ಕಾಗಿ ಮರಳಿ ತಂದರು. ಯೇಸುವಿನ ಕೊನೆಯ ಪಯಣವನ್ನು ಹದಿನಾಲ್ಕು ಚಿತ್ರಗಳೆದುರು ನಿಂತು ನೆನೆಯುವ ಶಿಲುಬೆ ಹಾದಿಯಲ್ಲಿ ಒಂದು ಸ್ಥಳದಿಂದ ಮುಂದಿನ ಸ್ಥಳಕ್ಕೆ ನಡೆಯುವಾಗ ಇದರ ಪದ್ಯಗಳನ್ನು ಹಾಡುವ ರೂಢಿ ಹಲವು ದೇಶಗಳಲ್ಲಿದೆ. ಹಾಸನ ಜಿಲ್ಲೆಯ ನಮ್ಮ ಧರ್ಮಕೇಂದ್ರದಲ್ಲಿ ತಪಸ್ಸುಕಾಲದ ಶುಕ್ರವಾರಗಳಂದು ಆ ಹದಿನಾಲ್ಕು ಸ್ಥಳಗಳನ್ನು ಅಜ್ಜಿಯ ಸೆರಗು ಹಿಡಿದು ನಡೆದು ಬೆಳೆದವನು ನಾನು.

ಅಭ್ಯಾಸ ಶುರುವಾಗುವ ಮೊದಲು ನಿರ್ದೇಶಕರು ಇದೇ ಪದ್ಯಗಳನ್ನು ಬೇರೆ ಬೇರೆ ಸಂಗೀತಕಾರರು ಹೇಗೆ ಕೈಗೆತ್ತಿಕೊಂಡರೆಂಬುದನ್ನು ಪಿಯಾನೋದಲ್ಲಿ ನುಡಿಸಿ ತೋರಿಸಿದರು. ಪಲೆಸ್ತ್ರೀನಾ ಎಂಟು ಧ್ವನಿಗಳನ್ನು ಎರಡು ವೃಂದಗಳಾಗಿ ಎದುರುಬದುರು ನಿಲ್ಲಿಸುತ್ತಾರೆ. ಪೆರ್ಗೊಲೇಸಿ ನೇಪಲ್ಸ್ ಬಳಿಯ ಪೊಟ್ಸುವೋಲಿಯಲ್ಲಿ ಕ್ಷಯದಿಂದ ನರಳುತ್ತ, ಎರಡೇ ಹೆಣ್ಣುದನಿಗಳ ಮಟ್ಟಕ್ಕೆ ಕೃತಿಯನ್ನು ರಚಿಸಿ, 1736ರಲ್ಲಿ 26ನೇ ವಯಸ್ಸಿಗೆ ತೀರಿಕೊಂಡರು. ಅದರ ಮೊದಲ ಸಾಲುಗಳಲ್ಲಿ ಒಂದು ಧ್ವನಿ ತನ್ನ ಸ್ವರವನ್ನು ಬಿಡದೆ ನಿಂತಿರುವಾಗ ಇನ್ನೊಂದು ಅದಕ್ಕೆ ತೀರ ಹತ್ತಿರದ ಸ್ವರಕ್ಕೆ ಬಂದು ಉಜ್ಜುತ್ತದೆ. ಆ ಕರ್ಕಶತೆ ಕ್ಷಣಮಾತ್ರ ಇದ್ದು ಸಡಿಲವಾಗುತ್ತದೆ, ಮತ್ತೆ ಹುಟ್ಟುತ್ತದೆ. ಆ ಸಂಗೀತವನ್ನು ಬಾಖ್ ಅವರಂಥವರೇ ತೆಗೆದುಕೊಂಡು ಬೈಬಲಿನ 51ನೇ ಕೀರ್ತನೆಯ ಜರ್ಮನ್ ಪದಗಳಿಗೆ ಹೊಂದಿಸಿದರು. ರೊಸ್ಸೀನಿಯವರದು ಬೇರೆಯದೇ ದಾರಿ. ತಾಯಿಯ ಎದೆಯನ್ನು ಕತ್ತಿ ಸೀಳಿತೆಂಬ ಪದ್ಯಕ್ಕೆ ಅವರು ಟೆನರ್ ಎಂಬ ಎತ್ತರದ ಗಂಡುದನಿಯ ಗಾಯಕನ ಕೈಯಲ್ಲಿ ಹಾಡಿಸುವ ಗತ್ತಿನ ನಡೆಯ ರಾಗ ರಂಗಮಂದಿರದಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ಆದರೆ ಆ ಪದ್ಯದ ಮೇಲೆ ಅದು ಕೂರುವುದಿಲ್ಲವೆಂದೇ ನನ್ನ ಅಭಿಪ್ರಾಯ. ಹೇಡನ್, ವೆರ್ಡಿ, ಪುಲಾಂಕ್, ನಮ್ಮ ಕಾಲದ ಆರ್ವೊ ಪ್ಯಾರ್ಟ್ ಎಲ್ಲರೂ ಈ ಪದ್ಯಗಳ ಬಳಿಗೆ ಬಂದಿದ್ದಾರೆ.

ಆ ದಿನ ನನ್ನ ಮನಸ್ಸನ್ನು ಹಿಡಿದದ್ದು ಒಂದೇ ಸಂಗತಿ. ಪದ ಎಲ್ಲರಿಗೂ ಅವೇ. ಆ ತಾಯಿಯ ಪಕ್ಕದಲ್ಲಿ ಕೇಳುಗನನ್ನು ಎಷ್ಟು ಹೊತ್ತು ನಿಲ್ಲಿಸಿಕೊಳ್ಳಬೇಕೆಂಬುದನ್ನು ಮಾತ್ರ ಸಂಗೀತಕಾರನೇ ತೀರ್ಮಾನಿಸುತ್ತಾನೆ. ದ್ವೊರ್ಜಾಕ್ ಮೊದಲ ನಾಲ್ಕು ಪದ್ಯಗಳಿಗೇ ಸುಮಾರು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಎಫ್ ಶಾರ್ಪ್ ಎಂಬ ಒಂದೇ ಸ್ವರ ಸ್ಥಾಯಿಯಿಂದ ಸ್ಥಾಯಿಗೆ ಮೇಲೇರುತ್ತದೆ. ಆ ಎತ್ತರದಿಂದ ಅರ್ಧರ್ಧ ಸ್ವರದ ಮೆಟ್ಟಿಲಿನಲ್ಲಿ ರಾಗ ಕೆಳಗಿಳಿಯುತ್ತದೆ. ಗಾನವೃಂದ ಬಾಯಿ ತೆರೆಯುವುದು ಇದೆಲ್ಲ ಬಹಳ ಹೊತ್ತು ನಡೆದ ಮೇಲೆ. ಹಾಡುವವರಿಗೆ ಇದು ಮೈಯ ಕೆಲಸವೂ ಹೌದು. ಇಳಿಯುವ ರಾಗದಲ್ಲಿ ಶ್ರುತಿ ಜಾರದಂತೆ ಪ್ರತಿಯೊಂದು ಅರ್ಧ ಸ್ವರವನ್ನೂ ಚಿಕ್ಕದಾಗಿಯೇ ಇಡಬೇಕು, ಪಕ್ಕದವನು ಉಸಿರು ತೆಗೆದುಕೊಳ್ಳುವಾಗ ನಾನು ತೆಗೆದುಕೊಳ್ಳಬಾರದು. ನನ್ನ ಬಲಗಡೆ ನಿಂತಿದ್ದ ಹಿರಿಯರು ತಮ್ಮ ಹಳೆಯ ಪ್ರತಿಯಲ್ಲಿ ಉಸಿರಿನ ಜಾಗಗಳಿಗೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದ್ದರು. ನಾನು ಅವರ ಗುರುತುಗಳ ನಡುನಡುವೆ ನನ್ನವನ್ನು ಹಾಕಿಕೊಂಡೆ.

ಮಧ್ಯಾಹ್ನದ ಬಿಡುವಿನಲ್ಲಿ ಸೆವೆರ್ನ್ ನದಿಯ ದಡದ ಕೆಥೆಡ್ರಲ್‌ಗೆ ಹೋಗಿ ಬಂದೆ. 1884ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಈ ಕೃತಿಯನ್ನು ತಾವೇ ನಿರ್ದೇಶಿಸಿ ಹೆಸರಾದ ದ್ವೊರ್ಜಾಕ್, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವುಸ್ಟರ್‌ನ ಉತ್ಸವಕ್ಕೆ ಬಂದು ಇದೇ ಕೆಥೆಡ್ರಲ್‌ನಲ್ಲಿ ಅದನ್ನು ಹಾಡಿಸಿದರು. ಅಂದು ವಯಲಿನ್ ನುಡಿಸುವವರ ನಡುವೆ ಕುಳಿತಿದ್ದ 27 ವರ್ಷದ ಸ್ಥಳೀಯ ಯುವಕ ಎಡ್ವರ್ಡ್ ಎಲ್ಗರ್. ಮುಂದೆ ಇಂಗ್ಲೆಂಡಿನ ದೊಡ್ಡ ಸಂಗೀತಕಾರನಾದ ಆತನ ನೆನಪಿಗೆ ಅಲ್ಲಿ ಬಣ್ಣದ ಗಾಜಿನ ಕಿಟಕಿಯೊಂದಿದೆ; ಆತ ಆ ವಯಸ್ಸಿನಲ್ಲಿ ಇಂಥ ಸಂಗೀತದ ಒಳಗೇ ಕುಳಿತು ಕಲಿತನೆಂದು ಯೋಚಿಸುತ್ತ ಅದರ ಎದುರು ಬಹಳ ಹೊತ್ತು ನಿಂತೆ.

ಮಧ್ಯಾಹ್ನದ ಮೇಲೆ ನಿರ್ದೇಶಕರು ಕೃತಿ ಹುಟ್ಟಿದ ಬಗೆಯನ್ನು ಹೇಳಿದರು. 1875ರಲ್ಲಿ ದ್ವೊರ್ಜಾಕ್ ದಂಪತಿಗೆ ಹುಟ್ಟಿದ ಮಗಳು ಯೋಸೆಫಾ ಎರಡೇ ದಿನ ಬದುಕಿತು. ಮರುವರ್ಷ ಅವರು ಪಿಯಾನೋ ಜೊತೆ ಹಾಡುವಂತೆ ಏಳು ಭಾಗಗಳಲ್ಲಿ ಸ್ತಾಬಾತ್ ಮಾತೆರ್ ಬರೆದು ಬದಿಗಿಟ್ಟರು. 1877ರ ಆಗಸ್ಟ್‌ನಲ್ಲಿ ಹನ್ನೊಂದು ತಿಂಗಳ ಮಗಳು ರೂಝೆನಾ ರಂಜಕದ ದ್ರಾವಣ ಕುಡಿದು ಸತ್ತಳು. ತಿಂಗಳು ತುಂಬುವಷ್ಟರಲ್ಲಿ, ತಂದೆಯ 36ನೇ ಹುಟ್ಟುಹಬ್ಬದ ದಿನವೇ, ಮೂರು ವರ್ಷದ ಓತಕರ್ ಸಿಡುಬಿಗೆ ತುತ್ತಾದ. ಮನೆಯಲ್ಲಿ ಮಗುವೇ ಇಲ್ಲದಂತಾಯಿತು. ಆಗ ಅವರು ಹಳೆಯ ಹಸ್ತಪ್ರತಿಯನ್ನು ಹೊರತೆಗೆದು, ಮೂರು ಹೊಸ ಭಾಗಗಳನ್ನು ಸೇರಿಸಿ, ಪೂರ್ಣ ವಾದ್ಯವೃಂದಕ್ಕೆ ಅಳವಡಿಸಿ, ನವೆಂಬರ್‌ನಲ್ಲಿ ಮುಗಿಸಿದರು.

ಆ ಮೂರು ಹೊಸ ಭಾಗಗಳು ಐದು, ಆರು ಮತ್ತು ಏಳನೆಯವು. ಆರನೆಯದರ ಪದ್ಯಗಳು ಮರಿಯಳನ್ನು ಬೇಡುವುದಿಷ್ಟೇ: ನಾನು ಬದುಕಿರುವಷ್ಟು ಕಾಲ ನಿನ್ನೊಡನೆ ಅಳುವಂತೆ ಮಾಡು, ಶಿಲುಬೆಯ ಬಳಿ ನಿನ್ನ ಜೊತೆ ನಿಲ್ಲಲು ಬಿಡು. ಮೊದಲ ಸಾವಿನ ನಂತರ ಬಿಟ್ಟಿದ್ದ ಈ ಪದ್ಯಗಳಿಗೆ ಅವರು ಮರಳಿದ್ದು ಇನ್ನೆರಡು ಸಾವುಗಳ ನಂತರ. ಸಂಗೀತಕಾರನ ಬದುಕನ್ನು ಸಂಗೀತದೊಳಗೆ ಓದಬಾರದೆನ್ನುವ ವಿದ್ವಾಂಸರ ಎಚ್ಚರಿಕೆ ನನಗೆ ಗೊತ್ತು. ಆದರೂ ಆ ರಾಗವನ್ನು ಹಾಡಿದವನಾಗಿ ಹೇಳುತ್ತೇನೆ, ಅಲ್ಲಿ ಗೋಳಾಟವಿಲ್ಲ. ಮೇಜರ್ ಸ್ವರಶ್ರೇಣಿಯ ಸರಳ ರಾಗವನ್ನು ಟೆನರ್ ಗಾಯಕ ಹೇಳಿಕೊಡುತ್ತಾನೆ, ಗಾನವೃಂದ ಅದನ್ನೇ ಮೆಲುದನಿಯಲ್ಲಿ ಹಿಂಬಾಲಿಸುತ್ತದೆ. ನಮ್ಮೂರ ಶಿಲುಬೆ ಹಾದಿಯಲ್ಲಿ ಗುರುಗಳು ಒಂದು ಸಾಲು ಹೇಳಿ ಜನ ಅದಕ್ಕೆ ಉತ್ತರಿಸುತ್ತಿದ್ದ ಕ್ರಮವೇ ಅದು.

ಅಜ್ಜಿಯೂ ಮೊದಲ ಮಗನನ್ನು ಸಿಡುಬಿಗೇ ಕಳೆದುಕೊಂಡಿದ್ದಳು. ‘ಅವನಿಗೆ ಅಮ್ಮ ಆಗಿತ್ತು, ಮೂರನೇ ದಿನ ಹೋದ’ ಎನ್ನುವುದಕ್ಕಿಂತ ಹೆಚ್ಚಿಗೆ ಅವಳು ನಮಗೇನೂ ಹೇಳಿದವಳಲ್ಲ. ಶಿಲುಬೆ ಹಾದಿಯ ಹದಿಮೂರನೇ ಸ್ಥಳದಲ್ಲಿ, ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುವ ಚಿತ್ರದೆದುರು, ಜನ ಮುಂದಿನ ಸ್ಥಳಕ್ಕೆ ಸರಿದ ಮೇಲೂ ಅವಳು ನಿಂತೇ ಇರುತ್ತಿದ್ದಳು. ಅವಳು ಅಲ್ಲಿ ಯಾಕೆ ನಿಲ್ಲುತ್ತಿದ್ದಳೆಂಬುದು, ಆರನೇ ಭಾಗವನ್ನು ನಿರ್ದೇಶಕರು ಎರಡನೇ ಸಲ ಹಾಡಿಸುವಾಗ ನನಗೆ ಹೊಳೆಯಿತು, ಮತ್ತು ಕೆಲವು ಸಾಲುಗಳ ಮಟ್ಟಿಗೆ ನನ್ನ ಧ್ವನಿ ಹೊರಡಲಿಲ್ಲ. ಪಕ್ಕದ ಹಿರಿಯರು ಏನನ್ನೂ ಕೇಳದೆ, ನಾವು ಹಾಡುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

ಸಂಜೆಯ ಗಾಯನ ಒಂದೂವರೆ ಗಂಟೆಗೆ ಹತ್ತಿರವಾಯಿತು. ಮೊದಲ ಭಾಗದ ರಾಗ ಹತ್ತನೆಯದರಲ್ಲಿ ಮರಳಿ ಬರುತ್ತದೆ, ಆದರೆ ಈ ಸಲ ಅದು ಡಿ ಮೇಜರ್‌ನ ಬೆಳಕಿಗೆ ಹೊರಳುತ್ತದೆ. ಕೊನೆಗೆ ಒಂದೆಡೆ ವಾದ್ಯಗಳೆಲ್ಲ ನಿಂತು, ಗಾನವೃಂದವೊಂದೇ ಪರಲೋಕದ ಮಹಿಮೆಯನ್ನು ತುಂಬುಕಂಠದಿಂದ ಸಾರಬೇಕು. ಬೆಳಿಗ್ಗೆಯವರೆಗೆ ಒಬ್ಬರನ್ನೊಬ್ಬರು ಕಂಡಿರದ ನಾವು ಅದನ್ನು ಶ್ರುತಿ ಬಿಡದೆ ಹಾಡಿದೆವು.

ಮನೆಗೆ ಬಂದ ಮೇಲೆ, ಬೆಂಗಳೂರಿನ ಧರ್ಮಕೇಂದ್ರವೊಂದರಲ್ಲಿ ಗಾನವೃಂದ ನಡೆಸುವ ಗೆಳೆಯನಿಗೆ ಉದ್ದನೆಯ ಪತ್ರ ಬರೆದೆ. ಈ ಕೃತಿಗೆ ದೊಡ್ಡ ವಾದ್ಯವೃಂದವೇ ಬೇಕೆಂಬ ಹೆದರಿಕೆ ಬೇಡ, ದ್ವೊರ್ಜಾಕ್ ಅದನ್ನು ಮೊದಲು ಬರೆದದ್ದೇ ಒಂದು ಪಿಯಾನೋ ಜೊತೆಗೆ. ಮೂರು, ಐದು ಮತ್ತು ಏಳನೇ ಭಾಗಗಳಿಗೆ ಒಂಟಿ ಗಾಯಕರೂ ಬೇಡ. ಮೂರನೆಯದು ಇಡಿಯಾಗಿ ಮೂರೇ ಸಾಲಿನ ಒಂದು ಪದ್ಯ. ಮುಂದಿನ ತಪಸ್ಸುಕಾಲಕ್ಕೆ ಅಲ್ಲಿಂದಲೇ ಆರಂಭಿಸು, ರಜೆಗೆ ಬಂದಾಗ ಬಾಸ್ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ ಎಂದು ಅವನಿಗೆ ಬರೆದಿದ್ದೇನೆ.