ಲಿಸ್ಟಲ್ಲಿ ಹೆಸರಿಲ್ಲದ ಹುಡುಗನಿಗೆ ಮೊದ್ಲು ಹೇಳ್ಬೇಕು

ಆಗಸ್ಟ್ ಬಂತು ಅಂದ್ರೆ ನಂಗೆ ರಾತ್ರಿ ನಿದ್ದೆ ಸರಿ ಬರಲ್ಲ. ತಾಲೂಕು ಕ್ರೀಡಾಕೂಟದ ಎಂಟ್ರಿ ಫಾರ್ಮು ಟೇಬಲ್ ಮೇಲೆ ಇರತ್ತೆ, ವಾಲಿಬಾಲಿಗೆ 12 ಹೆಸರು ಬರೀಬೇಕು, ಒಳಗೆ ಆಡೋರು 6, ಹೊರಗೆ ಕಾಯೋರು 6. ಆದ್ರೆ ಜೂನಿಂದ ಬೆಳಿಗ್ಗೆ ಆರೂವರೆಗೆ ಆ ಮಳೇಲಿ ಕೊಡೆ ಹಿಡ್ಕೊಂಡು ಬಂದ ಹುಡುಗ್ರು ಈ ವರ್ಷ 23 ಜನ. ಅಂದ್ರೆ 11 ಮಕ್ಳಿಗೆ ನಾನೇ ಬಾಯ್ಬಿಟ್ಟು ಇಲ್ಲ ಅನ್ನಬೇಕು.

ಕಾರವಾರದ ಹತ್ರ ಒಂದು ಹೈಸ್ಕೂಲಲ್ಲಿ ನಾನು ಪಿ.ಟಿ. ಮಾಸ್ತರು, 2007ರಿಂದ. ಕೋಚಿಂಗ್ ಅಂದ್ರೆ ಸ್ಮ್ಯಾಶ್ ಕಲಿಸೋದು, ಸರ್ವಿಸ್ ಕಲಿಸೋದು ಅಂತ ಜನ ಅಂದ್ಕೊಂಡಿದಾರೆ, ಅದು ಪಿ.ಟಿ. ಮಾಸ್ತರಾಗೋಕೆ ಓದೋ ಬಿ.ಪಿ.ಎಡ್. ಕೋರ್ಸಲ್ಲಿ ಹೇಳ್ಕೊಡ್ತಾರೆ, ಕಲೀಬಹುದು. ಈ ಇಲ್ಲ ಅನ್ನೋ ಕೆಲ್ಸಾನ ಮಾತ್ರ ಯಾರೂ ಹೇಳ್ಕೊಟ್ಟಿಲ್ಲ. ಅದನ್ನ ನಾನು ಕಲ್ತಿದ್ದು ನಾನು ಓದಿದ ಕ್ಯಾಥೊಲಿಕ್ ಶಾಲೇಲಿ, ಕಲ್ತಿದೀನಿ ಅಂತ ಗೊತ್ತಾಗಿದ್ದು ಮಾತ್ರ ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಮೊದ್ಲ ವರ್ಷದ ತಪ್ಪು ಅದು. ಟೀಮ್ ಆರಿಸಿದೆ, ಹೆಸರು ನೀಟಾಗಿ ಬರ್ದು ನೋಟಿಸ್ ಬೋರ್ಡಿಗೆ ಅಂಟಿಸಿ ಸ್ಟಾಫ್ ರೂಮಿಗೆ ಹೋಗಿ ಚಾ ಕುಡ್ದೆ. ಒಬ್ಬ ಹುಡುಗ ಇದ್ದ, ಒಂಬತ್ತನೇ ಕ್ಲಾಸು, ಅಪ್ಪ ಪರ್ಸೀನ್ ಅನ್ನೋ ದೊಡ್ಡ ಬಲೆಯ ಮೀನು ಬೋಟಲ್ಲಿ ಕೆಲ್ಸ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇರತ್ತಲ್ಲ, ಆಗ ಅಪ್ಪ ಮನೇಲೇ ಇರ್ತಿದ್ರು, ಆ ರಜೇಲಿ ಮಗನ್ನ ದಿನಾ ಸೈಕಲ್ ಮೇಲೆ ಕೂರಿಸ್ಕೊಂಡು ಬಂದು ಗ್ರೌಂಡಿಗೆ ಬಿಡ್ತಿದ್ರು. ಲಿಸ್ಟಿನ ಎದುರು ಇಪ್ಪತ್ತು ಮಕ್ಳು ಮುತ್ಕೊಂಡಿದ್ರು, ಇವ್ನು ಮೇಲಿಂದ ಕೆಳಗೆ ಓದಿದ, ಮತ್ತೆ ಕೆಳಗಿಂದ ಮೇಲೆ ಓದಿದ, ಅಷ್ಟೊತ್ತಿಗೆ ಪಕ್ಕದಲ್ಲಿದ್ದೋನು ಜೋರಾಗಿ ಕೂಗ್ದ, ಏ ನಿಂದು ಇಲ್ವೋ ಅಂತ. ಕಿಟಕಿಯಿಂದ ನಾನು ನೋಡ್ತಾ ಇದ್ದೆ, ಎದ್ದು ಹೋಗ್ಲಿಲ್ಲ. ಆಮೇಲೆ ಅವ್ನು ಗ್ರೌಂಡಿಗೆ ಕಾಲೇ ಇಡ್ಲಿಲ್ಲ. ಎರಡು ವರ್ಷ ನನ್ನ ಪಿರಿಯಡ್ಡಲ್ಲಿ ಕ್ಲಾಸಲ್ಲೇ ಕೂತ, ಹೊಟ್ಟೆನೋವು ಅಂತಿದ್ದ, ನಾನೂ ಬಿಟ್ಟೆ. ಮುಂದೆ ಒಂದಿನ ಬೈತಖೋಲ್ ಬಂದರಲ್ಲಿ ಸಿಕ್ದ, ಬುಟ್ಟಿ ಇಳಿಸಿ ಕೈ ಒರೆಸ್ಕೊಂಡು ನಮಸ್ಕಾರ ಸರ್ ಅಂದ. ಸಾರಿ ಕಣೋ ಅನ್ನೋಕೆ ಬಾಯಿ ಬರ್ಲಿಲ್ಲ ನಂಗೆ, ಬಂಗುಡೆ ರೇಟು ಕೇಳಿ ಬಂದ್ಬಿಟ್ಟೆ.

ಆವತ್ತು ಮನೆಗೆ ಬರೋ ದಾರಿ ಉದ್ದಕ್ಕೂ ನಂಗೆ ನೆನಪಾಗಿದ್ದು ನಮ್ಮ ಫಾದರ್.

ನಾನು ಓದಿದ್ದು ಚರ್ಚ್ ಕಂಪೌಂಡಿನ ಒಳಗಿನ ಹೈಸ್ಕೂಲಲ್ಲಿ. ಚಿರೆಕಲ್ಲಿನ ಗೋಡೆ, ಮಂಗ್ಳೂರು ಹಂಚು, ಮಧ್ಯಾಹ್ನ 12ಕ್ಕೆ ಗಂಟೆ ಬಾರಿಸಿದ್ರೆ ಓಡ್ತಿದ್ದೋನೂ ನಿಂತ್ಕೊಳ್ಬೇಕು. ನಾವು ಹೆಚ್ಚಿನೋರು ಕ್ರಿಶ್ಚಿಯನ್ ಅಲ್ಲ, ಆದ್ರೂ ಬೆಳಿಗ್ಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಲ್ರಿಗೂ ಬಾಯಿಪಾಠ, ಮನೇಲಿ ಸತ್ಯನಾರಾಯಣ ಕಥೆ ನಡೆದ ದಿನಾನೂ ಶಾಲೇಲಿ ಅದನ್ನ ಹೇಳೋರೇ, ಯಾರಿಗೂ ಅದು ವಿಚಿತ್ರ ಅನ್ನಿಸ್ತಿರ್ಲಿಲ್ಲ. ಹೆಡ್ ಮಾಸ್ಟರ್ ಫಾದರ್ ಬೆಳಗಾವಿ ಕಡೆಯವ್ರು. ನಮ್ಮ ಜಿಲ್ಲೆ ಮೊದ್ಲು ಬೆಳಗಾವಿ ಬಿಷಪ್ಪರ ಧರ್ಮಪ್ರಾಂತ್ಯಕ್ಕೆ ಸೇರಿತ್ತು, 1976ರಲ್ಲಿ ಕಾರವಾರ ಬೇರೆ ಆಯ್ತು, ಆಗ ಇವ್ರು ಇಲ್ಲೇ ಉಳ್ಕೊಂಡೋರು. ಸಂಜೆ ಬಿಳಿ ನಿಲುವಂಗಿಯ ತೋಳು ಮಡಚ್ಕೊಂಡು ಸುಣ್ಣದ ಬಕೆಟ್ ಹಿಡ್ದು ಕೋರ್ಟಿನ ಗೆರೆ ತಾವೇ ಎಳೀತಿದ್ರು, 18 ಮೀಟರ್ ಉದ್ದ 9 ಮೀಟರ್ ಅಗಲ, ಹಗ್ಗ ಹಿಡಿಯೋಕೆ ಒಬ್ಬ ಹುಡುಗ. ಮಳೆ ಬಂದು ಅಳ್ಸೋದು, ಮತ್ತೆ ಎಳೆಯೋದು, ಜುಲೈಲಿ ದಿನಾ ಇದೇ. ಕೊಂಕಣಿ ಅರ್ಧ ಕನ್ನಡ ಅರ್ಧ ಬಯ್ಗುಳ.

1994ರಲ್ಲಿ ನಾನು ಒಂಬತ್ತನೇ ಕ್ಲಾಸು. ಟೀಮ್ ಹೇಳೋ ಹಿಂದಿನ ದಿನ ಫಾದರ್ ನನ್ನ ಕರೆದ್ರು, ಬಾ ನಡೆಯೋಣ ಅಂದ್ರು. ಚರ್ಚಿನ ಸುತ್ತ ಒಂದು ರೌಂಡ್. ಅರ್ಧ ದಾರಿಗೆ ಬಂದಾಗ ಹೇಳಿದ್ರು: “ಈ ಸಲ ನಿನ್ನ ಹೆಸ್ರು ಇಲ್ಲ. ನಿನ್ನ ಪಾಸು ನೆಟ್ಟಿಂದ ದೂರ ಹೋಗ್ತದೆ, ಮೊಣಕಾಲು ಬಗ್ಗಿಸದೇ ಬರೀ ಕೈಲಿ ತಗೊಳ್ತೀಯ. ಅದು ಸರಿ ಆಗ್ತದೆ, ಆದ್ರೆ ಈ ತಿಂಗಳಲ್ಲಿ ಆಗೋದಿಲ್ಲ.” ಅಷ್ಟೇ. ಉಳಿದ ಅರ್ಧ ರೌಂಡು ಅವ್ರು ಮಾತೇ ಆಡ್ಲಿಲ್ಲ, ನನ್ನ ಅಳೋಕೆ ಬಿಟ್ರು. ಗೇಟಿನ ಹತ್ರ ಬಂದಾಗ ಒಂದು ಪುಸ್ತಕ ಕೊಟ್ರು, ಸ್ಕೋರ್ ಬರಿಯೋದು. ನಾಳೆಯಿಂದ ಇದು ನಿಂದು, ನನ್ನ ಪಕ್ಕ ಕೂರು.

ಮಾರನೇ ದಿನ ಅಸೆಂಬ್ಲೀಲಿ ಹೆಸರು ಓದೋವಾಗ ಎಲ್ರೂ ಉಸಿರು ಹಿಡ್ಕೊಂಡಿದ್ರು, ನಾವು ಇಲ್ಲದೋರು ಮಾತ್ರ ಆರಾಮಾಗಿ ನಿಂತಿದ್ವಿ, ಚಪ್ಪಾಳೆನೂ ಹೊಡೆದ್ವಿ. ಅದರ ಬೆಲೆ ಆಗ ಗೊತ್ತಾಗ್ಲಿಲ್ಲ. ಊರಿನ ಮುಂದೆ ಗೊತ್ತಾಗೋದು ಬೇರೆ, ಒಬ್ನೇ ಇದ್ದಾಗ ಗೊತ್ತಾಗೋದು ಬೇರೆ.

ಆ ಸ್ಕೋರ್ ಬುಕ್ಕಿಂದಾನೇ ನಂಗೆ ಆಟ ತಿಳಿದಿದ್ದು. ಆಗ 15 ಪಾಯಿಂಟಿನ ಆಟ, ಸರ್ವಿಸ್ ಇದ್ದೋರಿಗೆ ಮಾತ್ರ ಪಾಯಿಂಟು, ಎದುರಿನೋರು ಗೆದ್ರೆ ಸರ್ವಿಸ್ ಮಾತ್ರ ಸಿಗ್ತಿತ್ತು. ಸರ್ವಿಸ್ ಗೆದ್ದ ಕೂಡ್ಲೆ ಆರೂ ಜನ ಗಡಿಯಾರದ ಮುಳ್ಳಿನ ಹಾಗೆ ಒಂದೊಂದು ಜಾಗ ತಿರುಗ್ಬೇಕಲ್ಲ, ಯಾರು ಯಾವಾಗ ಎಲ್ಲಿ ಅಂತ ಬರೀತಾ ಬರೀತಾ, ನಮ್ಮ ಇಬ್ರು ಎತ್ತರದ ಹುಡುಗ್ರು ಒಟ್ಟಿಗೇ ಹಿಂದೆ ಹೋದಾಗಲೇ ನಾವು ಸೋಲ್ತೀವಿ ಅಂತ ಕಂಡುಹಿಡಿದೆ. ಫಾದರಿಗೆ ಹೇಳ್ದೆ, ಅವ್ರು ಒಬ್ಬನ್ನ ಮೂರು ಜಾಗ ಆಚೆ ಹಾಕಿದ್ರು, ಈಗ ಯಾವಾಗ್ಲೂ ಒಬ್ಬ ಮುಂದೆ ಒಬ್ಬ ಹಿಂದೆ. ನಾನು ಕೋಚ್ ಆಗಿದ್ದು ಆ ದಿನ.

ಮಾರಲ್ ಸೈನ್ಸ್ ಕ್ಲಾಸಲ್ಲಿ ಒಂದ್ಸಲ ಬೈಬಲಿನ ದ್ರಾಕ್ಷಿತೋಟದ ಕಥೆ ಹೇಳಿದ್ರು, ಮತ್ತಾಯನ ಸುವಾರ್ತೇಲಿ 20ನೇ ಅಧ್ಯಾಯ. ಯಜಮಾನ ಬೆಳಿಗ್ಗೆ ಕೆಲವ್ರನ್ನ ಕೂಲಿಗೆ ಕರೀತಾನೆ, ಮಧ್ಯಾಹ್ನ ಕೆಲವ್ರನ್ನ, ಸಾಯಂಕಾಲ ಐದಕ್ಕೆ ಹೋದ್ರೂ ಪೇಟೇಲಿ ಇನ್ನೂ ಜನ ನಿಂತಿರ್ತಾರೆ, ಯಾಕೆ ನಿಂತಿದೀರಿ ಅಂದ್ರೆ ನಮ್ಮನ್ನ ಯಾರೂ ಕರೀಲಿಲ್ಲ ಅಂತಾರೆ. ಕೊನೇಲಿ ಎಲ್ರಿಗೂ ಒಂದೇ ಕೂಲಿ. ನಮ್ಮ ಕ್ಲಾಸಿನೋರೆಲ್ಲ ಗಲಾಟೆ, ಇದು ಅನ್ಯಾಯ ಫಾದರ್, ಒಂದು ಗಂಟೆ ಕೆಲ್ಸಕ್ಕೆ ಇಡೀ ದಿನದ ಕೂಲಿಯಾ ಅಂತ. ಫಾದರ್ ಕೇಳಿದ್ರು, ಬೆಳಿಗ್ಗೆಯಿಂದ ಸಂಜೆ ಐದರ ತನಕ ಯಾರೂ ಕರೀದೇ ಬಿಸಿಲಲ್ಲಿ ನಿಂತಿದ್ನಲ್ಲ, ಅದು ಕೆಲ್ಸ ಅಲ್ವಾ? ಆ ಪ್ರಶ್ನೆ ನಂಗೆ ಈಗ್ಲೂ ಬಿಟ್ಟಿಲ್ಲ. ಗ್ರೌಂಡಲ್ಲಿ ಬಾಲ್ ಹೆಕ್ಕೋಕೆ ಮಾತ್ರ ಸಿಗೋ ಮಕ್ಳನ್ನ ಕಂಡಾಗೆಲ್ಲ ಬರತ್ತೆ.

ಫಾದರ್ ಮಾಡಿದ್ದೆಲ್ಲ ನಾನು ತಗೊಂಡಿಲ್ಲ, ಅದನ್ನೂ ಹೇಳ್ಬೇಕು. ಬೆತ್ತ ಇತ್ತು ಅವ್ರ ಹತ್ರ, ತಡ ಆದ್ರೆ ಬೀಳ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯೋದು ಬೇಡ ಅನ್ನತ್ತೆ, ಕಾಯ್ದೆ ಇಲ್ದಿದ್ರೂ ನಾನು ಹೊಡೀತಿರ್ಲಿಲ್ಲ, ಮಳೇಲಿ ಎರಡು ಬಸ್ ಬದಲಿಸಿ ಬರೋ ಮಗು ಹತ್ತು ನಿಮಿಷ ತಡ ಆದ್ರೆ ಅದು ತಪ್ಪಾ.

ಆದ್ರೆ ಆ ಒಂದು ರೌಂಡು ನಡೆಯೋದನ್ನ ಬಿಟ್ಟಿಲ್ಲ. ಈಗ ನಾನೂ ಲಿಸ್ಟಲ್ಲಿ ಇಲ್ಲದೋರನ್ನ ಮೊದ್ಲು ಕರೀತೀನಿ, ಒಬ್ಬೊಬ್ಬರನ್ನೇ. ಆಫೀಸಿಗೆ ಕರ್ಸಿ ಟೇಬಲ್ ಈಚೆ ನಿಲ್ಸೋದಿಲ್ಲ, ಕಾಂಪೌಂಡ್ ಸುತ್ತ ನಡೀತೀವಿ, ಅಳು ಬಂದ್ರೆ ಮುಖ ಕಾಣಲ್ಲ. ‘ಮುಂದಿನ ಸಲ ನೋಡೋಣ’ ಅನ್ನಲ್ಲ, ಹತ್ತನೇ ಕ್ಲಾಸಿನೋನಿಗೆ ಮುಂದಿನ ಸಲ ಅನ್ನೋದೇ ಇಲ್ಲ. ಕಾರಣ ಒಂದೇ ಹೇಳ್ಬೇಕು, ಅದು ಅವನ ಕೈಲಿ ಇರೋದಾಗ್ಬೇಕು. ಎತ್ತರ ಸಾಲ್ದು ಅಂತ ಹೇಳಿದ್ರೆ ಆ ಮಗು ಏನು ಮಾಡತ್ತೆ? ಹಾಗೆ ನೋಡಿದ್ರೆ 1998ರಲ್ಲಿ ಲಿಬೆರೊ ಅನ್ನೋ ಆಟಗಾರನ ನಿಯಮ ಬಂದ ಮೇಲೆ ಗಿಡ್ಡ ಹುಡುಗ್ರಿಗೂ ಒಂದು ಜಾಗ ಆಯ್ತು, ಬೇರೆ ಬಣ್ಣದ ಜೆರ್ಸಿ ಹಾಕ್ಕೊಂಡು ಹಿಂದೆ ನಿಂತು ಬರೀ ಡಿಫೆನ್ಸು, ನನ್ನ ಕಾಲದಲ್ಲಿ ಇದ್ದಿದ್ರೆ ಅಂತ ಎಷ್ಟೋ ಸಲ ಅನ್ನಿಸಿದೆ. ಮತ್ತೆ ಒಂದು ಕೆಲ್ಸ ಕೊಡ್ತೀನಿ, ನೀರಿನ ಕ್ಯಾನ್ ಹೊರೋ ಕೆಲ್ಸ ಅಲ್ಲ, ಬುದ್ಧಿ ಓಡೋ ಕೆಲ್ಸ. ಸ್ಕೋರು, ರೊಟೇಶನ್, ಮೊಬೈಲಲ್ಲಿ ವಿಡಿಯೊ.

ಇದು ಶಾಲೆಗೇ ಮುಗಿಯಲ್ಲ. ನಮ್ಮ ಜಿಲ್ಲೇಲಿ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ, ತಾಲೂಕು ಗೆದ್ರೆ ಅಲ್ಲಿ, ಆಮೇಲೆ ಬೆಳಗಾವಿ ವಿಭಾಗ. ಒಂದು ವರ್ಷ ನಮ್ಮ ಒಬ್ಳು ಹುಡುಗಿ ಧಾರವಾಡದ ತನಕ ಸೆಲೆಕ್ಷನ್ನಿಗೆ ಬಂದ್ಲು, ಅಲ್ಲಿ ಹೆಸರುಗಳನ್ನ ಮೈಕಲ್ಲಿ ಓದಿದ್ರು, ಇವಳದ್ದು ಇರ್ಲಿಲ್ಲ, ಮೈಕನ್ನ ನಿಲ್ಸೋಕೆ ನನ್ನಿಂದ ಆಗಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೋ ತನಕ ಬಸ್ಸಲ್ಲಿ ಅವ್ಳ ಪಕ್ಕ ಸುಮ್ನೆ ಕೂತಿದ್ದೆ. ಅಂಕೋಲಾ ಬಂದಾಗ ಅವ್ಳೇ ಕೇಳಿದ್ಲು, ಸರ್ ನನ್ನ ಸರ್ವಿಸ್ ಎಲ್ಲಿ ತಪ್ತು ಅಂತ.

ಈ ವರ್ಷ 11ರಲ್ಲಿ 10 ಮಕ್ಳ ಹತ್ರ ನಡೆದಾಯ್ತು. ಒಬ್ಬ ಬಾಕಿ, ಮಾಜಾಳಿ ಕಡೆ ಹುಡುಗ, ಮಳೆಗೆ ಎರಡು ದಿನದಿಂದ ಶಾಲೆಗೆ ಬಂದಿಲ್ಲ. ಶನಿವಾರ ಫಾರ್ಮ್ ಕೊಡ್ಬೇಕು ಅಂತ ಹೆಡ್ ಮಾಸ್ತರು ಎರಡು ಸಲ ಕೇಳಿದ್ರು, ಫೋನ್ ಮಾಡಿ ಹೇಳ್ಬಿಡಿ ಅಂದ್ರು. ನಾಳೆ ಬೆಳಿಗ್ಗೆ ಬೈಕ್ ತಗೊಂಡು ಕಾಳಿ ಸೇತುವೆ ದಾಟಿ ಹೋಗ್ತೀನಿ, ಅವ್ನ ಮನೆ ಹಿಂದೆನೇ ಸಮುದ್ರ, ನಡೆಯೋಕೆ ಜಾಗ ಇದೆ. ಅಲ್ಲಿ ತನಕ ಲಿಸ್ಟು ನನ್ನ ಜೇಬಲ್ಲೇ ಇರತ್ತೆ.